ಸಿದ್ದರಾಯ ಮಾಸ್ತರರ ಮೀಸೆ ಬಾಣ

ತಿಕೋಟಾದ ಕುರಿಹಟ್ಟಿಯಲ್ಲಿ ಹುಟ್ಟಿದ ಸಿದ್ದರಾಯನಿಗೆ ದೇವರು ಚಿತ್ರ ಬರೆಯುವ ಬೆರಳು ಕೊಟ್ಟು, ಉಳಿದದ್ದನ್ನು ಕೊಡುವಷ್ಟರಲ್ಲಿ ಯಾರೋ ಕರೆದರೆಂದು ಎದ್ದು ಹೋದ. ಆ ಬೆರಳಿನ ಬಲದ ಮೇಲೆಯೇ ಅವನು ರಸಾಯನಶಾಸ್ತ್ರದ ಡಿಗ್ರಿ ತಂದ. ಎಪ್ಪತ್ತರ ದಶಕದ ಆರಂಭದಲ್ಲಿ ವಿಜಾಪುರದ ಗಾಂಧಿ ಚೌಕದ ಹಿಂದೆ, ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಟ್ಯೂಷನ್ ಕ್ಲಾಸು ತೆರೆದ. ಅಂದಿನಿಂದ ಊರು ಅವನನ್ನು ಮಾಸ್ತರು ಎಂದಿತು. ಇರಲಿ, ನಾವೂ ಹಾಗೇ ಅನ್ನೋಣ.

ಬೆಂಜೀನಿನ ಆರು ಮೂಲೆಯ ಉಂಗುರವನ್ನು ಮಾಸ್ತರು ಸೀಮೆಸುಣ್ಣ ಎತ್ತದೆ ಒಂದೇ ಎಳೆತಕ್ಕೆ ಬರೆಯುತ್ತಿದ್ದರು. ಬರೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತಾವೇ ನೋಡಿ ತಲೆದೂಗುತ್ತಿದ್ದರು. ಕೆಳಗಿನ ಅಂಗಡಿಯ ಬಂದೇನವಾಜ ಕೂಡ ಗಿರಾಕಿ ಇಲ್ಲದಾಗ ಮೇಲೆ ಹತ್ತಿ ಬಂದು, ಸೆರಗಿನ ಅಂಚಿಗೆ ಈ ನಕ್ಷೆ ಒಪ್ಪುತ್ತದೆ ಎಂದು ಹೊಗಳಿ ಹೋಗುತ್ತಿದ್ದ. ವಿದ್ಯೆ ಬಲ್ಲವರು ಯಾರೂ ಅಷ್ಟು ಹೊಗಳಿದ್ದು ಕೇಳಿಲ್ಲ.

ಆಗ ಬಿ.ಎಸ್ಸಿ. ಪಾಠಕ್ಕೆ ಮೆಕ್ಯಾನಿಸಂ ಎಂಬುದು ಹೊಸದಾಗಿ ಸೇರಿತ್ತು. ಎರಡು ಪದಾರ್ಥ ಕೂಡಿ ಮೂರನೆಯದಾಯಿತು ಅಂದರೆ ಸಾಲದು, ಹೇಗಾಯಿತು ಎಂದು ಹಂತಹಂತವಾಗಿ ಬರೆದು ತೋರಿಸಬೇಕು. ಇಲೆಕ್ಟ್ರಾನುಗಳ ಜೋಡಿ ಎಲ್ಲಿಂದ ಎದ್ದು ಎಲ್ಲಿಗೆ ಹೋಯಿತೋ, ಅಲ್ಲಿಂದ ಅಲ್ಲಿಗೆ ಬಾಗಿದ ಬಾಣ ಎಳೆಯಬೇಕು. ಆಲ್ಕೋಹಾಲಿಗೆ ಆಮ್ಲ ಹಾಕಿದರೆ, ಜೋಡಿ ಇರುವುದು ಆಲ್ಕೋಹಾಲಿನ ಆಕ್ಸಿಜನ್ನಿನ ಬಳಿ. ಆಮ್ಲದಿಂದ ಬಂದ ಪ್ರೋಟಾನು ಬರಿಗೈಯಲ್ಲಿ ನಿಂತಿರುತ್ತದೆ. ಹಾಗಾಗಿ ಬಾಣ ಆಕ್ಸಿಜನ್ನಿನಿಂದ ಹೊರಡಬೇಕು. ಮಾಸ್ತರರ ಬಾಣ ಪ್ರೋಟಾನಿನಿಂದ ಹೊರಡುತ್ತಿತ್ತು. ಹೊರಡುವ ಮುನ್ನ ಅದರ ಬಾಲ ಒಂದು ಸುತ್ತು ಸುತ್ತಿಕೊಂಡು, ತಿರುವಿದ ಮೀಸೆಯಂತೆ ಮೇಲೇಳುತ್ತಿತ್ತು.

ಬಬಲೇಶ್ವರದ ಬೀರಣ್ಣನ ಮಗಳು ಸಕ್ರವ್ವ ಒಂದು ದಿನ ಎದ್ದು ನಿಂತಳು. "ಸರ, ಪ್ರೋಟಾನ್ ಹತ್ರ ಏನೂ ಇಲ್ಲಲ್ರಿ. ಅಲ್ಲಿಂದ ಬಾಣ ಹೆಂಗ ಹೊಂಡತೈತ್ರಿ?"

ಮಾಸ್ತರು ನಕ್ಕರು. "ನಿಮ್ಮೂರಾಗ ಮಜ್ಜಿಗಿ ಬೇಕಾದ್ರ ಏನ್ ಮಾಡ್ತೀರಿ? ಚರಗಿ ಹಿಡಕೊಂಡು ಇದ್ದವ್ರ ಮನಿಗಿ ಹೋಗ್ತೀರೋ, ಗಡಿಗಿ ತಾನ ಎದ್ದು ನಿಮ್ಮ ಮನಿಗಿ ಬರ್ತೈತೋ? ಬೇಕಾದವ ಹೋಗಬೇಕು. ಪ್ರೋಟಾನಿಗಿ ಬೇಕಾಗೈತಿ, ಪ್ರೋಟಾನ್ ಹೋಗತೈತಿ."

"ಹೋಗೂದು ನಾವ, ಖರೆ ರಿ. ಆದ್ರ ಬಾಣ ನಮ್ಮ ನಡಿಗಿದಲ್ರಿ ಸರ, ಮಜ್ಜಿಗಿ ಬರೂ ದಾರಿದು."

"ಶ್ಯಾಣ್ಯಾಕಿ ಅದಿ. ಕೂಡು."

ಎಲ್ಲರೂ ನಕ್ಕರು, ಅವಳು ಕೂತಳು. ಕಾಲೇಜಿನ ದಪ್ಪ ಪುಸ್ತಕದಲ್ಲಿ ಬಾಣ ಬೇರೆ ಕಡೆಯಿಂದ ಹೊರಟಿದೆ ಎಂದು ಮರುದಿನ ತಂದು ತೋರಿಸಿದಾಗ, ಅಚ್ಚಿನವರು ಚಿತ್ರ ಉಲ್ಟಾ ಜೋಡಿಸಿದ್ದಾರೆಂದು ಮಾಸ್ತರು ತೀರ್ಪು ಕೊಟ್ಟರು. ತಿಳಿಯುವುದು ಆಮೇಲಿನ ಮಾತು, ಮೊದಲು ಕೈಗೆ ಕೂಡಲಿ ಎಂಬುದು ಅವರ ಮತ. ಹುಡುಗರು ಆ ಬಾಣವನ್ನು ಪಾಟಿಯ ಮೇಲೆ ತಿದ್ದಿ ತಿದ್ದಿ, ಕಣ್ಣು ಮುಚ್ಚಿದರೂ ಎಳೆಯುವಂತಾದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಸರಿ ಯಾವುದೆಂದು ಗೊತ್ತಿದ್ದ ಸಕ್ರವ್ವನ ಕೈಯೂ ಗಡಿಬಿಡಿಯಲ್ಲಿ ಮೀಸೆಯನ್ನೇ ತಿರುವಿತ್ತು.

ಅನಾಹುತ ಆದದ್ದು ಅಲ್ಲಿ. ತಪ್ಪು ಬರೆದರೆ ಅಂಕ ಹೋಗುತ್ತದೆ, ಅಷ್ಟೇ. ಆದರೆ ವಿಜಾಪುರದ ಉತ್ತರ ಪತ್ರಿಕೆಗಳಲ್ಲೆಲ್ಲ ಒಂದೇ ತಪ್ಪು, ಒಂದೇ ಮೀಸೆ. ಸಾಮೂಹಿಕ ನಕಲು ಎಂದು ಧಾರವಾಡದ ವಿಶ್ವವಿದ್ಯಾಲಯದವರು ಇಡೀ ಕೇಂದ್ರದ ಫಲಿತಾಂಶವನ್ನು ತಡೆಹಿಡಿದರು. ವಿಚಾರಣೆಗೆ ಅಲ್ಲಿಂದ ಇಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಸಕ್ರವ್ವನಿಗೆ ಬಿ.ಎಡ್. ಸೀಟು ನಿಗದಿಯಾಗಿತ್ತು. ಫಲಿತಾಂಶವಿಲ್ಲದೆ ಅದು ಕೈಬಿಡುತ್ತಿತ್ತು. ನಕಲಿನ ಕಳಂಕ ಹತ್ತಿದರಂತೂ ಯಾವ ಶಾಲೆಯೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

ಹುಡುಗರೆಲ್ಲ ಮಾಳಿಗೆ ಹತ್ತಿ, ಇದು ನೀವೇ ಕಲಿಸಿದ್ದೆಂದು ವಿಚಾರಣೆಯಲ್ಲಿ ಒಂದು ಮಾತು ಹೇಳಿರೆಂದು ಬೇಡಿಕೊಂಡರು. ಮಾಸ್ತರರ ಕಿವಿಗೆ 'ತಪ್ಪು' ಎಂಬ ಶಬ್ದ ಆಗಲೇ ಬಿದ್ದಿತ್ತು. ಜೂನ್ ಹತ್ತಿರ ಬಂದಿತ್ತು, ಹೊಸ ಬ್ಯಾಚು ಸೇರುವ ಕಾಲ. ನಾನು ಅಂಥದ್ದೇನೂ ಕಲಿಸಿಲ್ಲ, ನೀವೇ ಒಬ್ಬರದೊಬ್ಬರು ನೋಡಿ ಬರೆದಿರಬೇಕು ಎಂದುಬಿಟ್ಟರು. ಬೋರ್ಡಿನ ಮೇಲಿದ್ದ ಬಾಣಗಳನ್ನು ಅಂದೇ ಒರೆಸಿಯೂ ಆಗಿತ್ತು. ಇಂಥ ಗುರುವಿನ ಪಾದ ಮುಟ್ಟಿ ಪರೀಕ್ಷೆಗೆ ಹೋಗಿದ್ದವು ಆ ಮಕ್ಕಳು.

ಉಳಿದವರು ಅಳುತ್ತ ಇಳಿದರು. ಸಕ್ರವ್ವ ಅಳಲಿಲ್ಲ. ವಿಚಾರಣೆಯ ದಿನ ಒಬ್ಬಳೇ ಮಾಳಿಗೆಗೆ ಹೋಗಿ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದಳು. "ಸರ, ಬಂದವ್ರು ಭಾಳ ಹಗರ ಮಾತಾಡಾಕತ್ತಾರ್ರಿ. ಇಷ್ಟು ಚಂದದ ಗೆರಿ ವಿಜಾಪುರದಾಗ ಯಾರ ಕೈಗೂ ಬರೂದಿಲ್ಲಂತ. ಪುಣೆದಾಂವ ಯಾವನೋ ಬರಕೊಟ್ಟಾನಂತ."

ಧಾರವಾಡದವರು ಕಾಲೇಜಿನಲ್ಲಿ ಇನ್ನೂ ಚಹಾ ಕುಡಿಯುತ್ತಿದ್ದರು, ಹಾಗೆ ಒಂದು ಮಾತೂ ಆಡಿರಲಿಲ್ಲ. ಮಾಸ್ತರರ ಮುಖ ಕೆಂಪೇರಿತು.

"ಪುಣೆದಾಂವ?"

"ಹಂಗ ಅಂದ್ರಿ."

ಇಸ್ತ್ರಿಯ ಕೋಟು ಹಾಕಿಕೊಂಡು, ಬಣ್ಣದ ಸೀಮೆಸುಣ್ಣದ ಡಬ್ಬಿ ಬಗಲಲ್ಲಿ ಹಿಡಿದು ಮಾಸ್ತರು ವಿಚಾರಣೆಯ ಕೋಣೆಗೆ ನುಗ್ಗಿದರು. ಕೂಡಿರೆಂದರೂ ಕೂಡಲಿಲ್ಲ. ನೆಟ್ಟಗೆ ಬೋರ್ಡಿಗೆ ಹೋಗಿ ಆಲ್ಕೋಹಾಲು ಬರೆದರು, ಪ್ರೋಟಾನು ಬರೆದರು, ಅದರ ಬುಡದಿಂದ ಕೆಂಪು ಬಾಣ ಎತ್ತಿ ಮೀಸೆ ತಿರುವಿದರು. ಇದು ತಮ್ಮ ಸ್ವಂತ ಪದ್ಧತಿ, ವಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ ಎಂದು ಎದೆ ಮುಟ್ಟಿ ಹೇಳಿದರು. ಕೇಳದಿದ್ದರೂ ಮಜ್ಜಿಗೆಯ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ವಿವರಿಸಿದರು.

ಬಂದವರಲ್ಲಿ ಹಿರಿಯರು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ, ಒಂದೊಂದನ್ನೇ ತಿರುವಿ, ಬೋರ್ಡು ನೋಡಿದರು. ಮತ್ತೆ ಪತ್ರಿಕೆ ನೋಡಿದರು. ಪಕ್ಕದವರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

"ಹುಡುಗರು ನಕಲು ಮಾಡಿಲ್ಲ ಬಿಡ್ರಿ," ಹಿರಿಯರು ಕನ್ನಡಕ ತೆಗೆದರು. "ಕಲಿಸಿದ್ದನ್ನ ಚಲೋತ್ನಾಗ ಕಲ್ತಾರ."

ಮಾಸ್ತರು ಬಗ್ಗಿ ನಮಸ್ಕಾರ ಮಾಡಿದರು.

ವಾರದೊಳಗೆ ಫಲಿತಾಂಶ ಬಂತು. ಆ ಪ್ರಶ್ನೆಯ ಅಂಕ ಯಾರಿಗೂ ಸಿಗಲಿಲ್ಲ, ಆದರೂ ಸಕ್ರವ್ವ ಪಾಸಾಗಿ ಬಿ.ಎಡ್. ಸೇರಿದಳು. ಧಾರವಾಡದವರು ತಮ್ಮ ಬಾಣಕ್ಕೆ ಬೆರಗಾದ ಕಥೆಯನ್ನು ಮಾಸ್ತರು ಚೌಕದ ತುಂಬ ಹೇಳಿಕೊಂಡು ತಿರುಗಿದರು. ಆ ಜೂನಿನಲ್ಲಿ ಮಾಳಿಗೆಯ ಮೇಲೆ ಕೂಡಲು ಜಾಗ ಸಾಲದೆ ಹುಡುಗರು ಮೆಟ್ಟಿಲ ಮೇಲೆ ಪಾಟಿ ಹಿಡಿದು ಕೂತಿದ್ದರು.