ಅಂಗೈಗಿಟ್ಟ ಬೀಗದ ಕೈ

ಪಕ್ಕದ ಸೀಟಿನ ಹುಡುಗಿ ಕಣ್ಣು ಮುಚ್ಚಿದ್ದಳು; ಕೈಕಾಲುಗಳು ಮಾತ್ರ ಒಂದೊಂದೂ ಒಂದೊಂದು ಕಡೆ ಅಲುಗುತ್ತಿದ್ದವು. ಫಿಟ್ಸ್ ಬಂದಿದೆ ಎಂದುಕೊಂಡು ಮನೆಯ ಬೀಗದ ಕೈ ಗೊಂಚಲನ್ನು ಅವಳ ಅಂಗೈಗಿಟ್ಟು ಬಿಗಿಯಾಗಿ ಮುಚ್ಚಿದೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಮೆಟ್ರೊ ಇನ್ನೂ ಇರದ ಕಾಲ. ಶಿವಾಜಿನಗರದಿಂದ ಹೊರಟ ಬಸ್ಸು ಹಲಸೂರು ದಾಟುತ್ತಿತ್ತು.

ಹುಡುಗಿ ಕಣ್ಣು ಬಿಟ್ಟಳು. "ಏನೂ ಆಗಿಲ್ಲ ಆಂಟಿ. ಹೆಲಿಕಾಪ್ಟರ್ ಕಲೀತಿದ್ದೀನಿ, ಅದನ್ನೇ ಪ್ರಾಕ್ಟೀಸ್ ಮಾಡ್ತಿದ್ದೆ. ಎಡಗೈಯಲ್ಲಿ ಮೇಲೆತ್ತಿದ್ರೆ ಮೂತಿ ತಿರುಗುತ್ತೆ, ಕಾಲಲ್ಲಿ ತಡೀಬೇಕು, ಬಲಗೈ ಹಗುರವಾಗಿರ್ಬೇಕು. ಇವತ್ತೂ ಗಾಳೀಲಿ ಒಂದೇ ಕಡೆ ನಿಲ್ಸೋಕೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಅಂದಿದ್ದಾರೆ ಸರ್."

ನಾಚಿಕೆಯಾಗಿ ಗೊಂಚಲಿಗೆ ಕೈ ಚಾಚಿದೆ. "ಇರ್ಲಿ ಆಂಟಿ, ನನ್ನ ಸ್ಟಾಪ್ ಬರೋವರೆಗೂ" ಎಂದು ಅವಳು ಅದನ್ನು ಹಿಡಿದೇ ಕುಳಿತಳು. ಇಂದಿರಾನಗರದಾಚೆ ಇಳಿಯುವಾಗ ವಾಪಸು ಕೊಟ್ಟಳು. ಬೆವರಿಗೆ ಪೂರಾ ಒದ್ದೆಯಾಗಿತ್ತು.

ಅವಳ ಹೆಸರನ್ನೂ ಕೇಳಲಿಲ್ಲ. ಈಗಲೂ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಹೆಲಿಕಾಪ್ಟರ್ ಸದ್ದಾದರೆ ತಲೆಯೆತ್ತುತ್ತೇನೆ. ನನ್ನ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ.