ಕುಂಕುಮ ಹಚ್ಚದ ಯಂತ್ರ

ಆಯುಧಪೂಜೆಯ ದಿನ ಪೀಣ್ಯದಲ್ಲಿ ಯಾರೂ ಕೆಲಸ ಮಾಡುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾವಿಬ್ಬರು ಮಾಡಿದೆವು. ಕೆಳಗಿನ ಲೇತ್ ಶಾಪಿನ ಬಾಗಿಲಲ್ಲಿ ಬೂದುಗುಂಬಳ ಒಡೆದಿದ್ದರು. ಮೇಲಿನ ಮಹಡಿಯ ನಮ್ಮ ಲ್ಯಾಬಿನಲ್ಲಿ, ಟ್ಯೂಬುಗಳನ್ನು ಗಿರಗಿರನೆ ಸುತ್ತಿಸುವ ಸೆಂಟ್ರಿಫ್ಯೂಜ್ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿತ್ತು. ಆಗಲೇ ಆಸ್ಪತ್ರೆಯಿಂದ ಐಸ್ ಡಬ್ಬಿ ಬಂತು. ಒಳಗೆ ಯಾರೋ ಒಪ್ಪಿ ಕೊಟ್ಟ ಹೊಟ್ಟೆಯ ಕೊಬ್ಬು. ಡಬ್ಬಿ ನೀಲಿ ಬಣ್ಣದ್ದು ಎನ್ನುತ್ತದೆ ನನ್ನ ನೆನಪು. ಅದಕ್ಕೆ ಬಣ್ಣ ಹಚ್ಚುವ ಚಟ; ಪೂರ್ತಿ ನಂಬಬೇಡಿ.

ಕೊಬ್ಬು ನಾಳೆಯವರೆಗೆ ಕಾಯುವುದಿಲ್ಲ. ಅದರಿಂದ ಸ್ಟೆಮ್ ಸೆಲ್ಲುಗಳನ್ನು, ಅಂದರೆ ಬೇರೆ ಕೋಶಗಳಿಗೆ ತಾಯಿಯಾಗಬಲ್ಲ ಕೋಶಗಳನ್ನು, ಬೇರ್ಪಡಿಸುವುದು ನನ್ನ ಸಹೋದ್ಯೋಗಿಯ ಕೆಲಸ. ಹಿಂದೆ ಮಾಡಿದಾಗಲೆಲ್ಲ ಅವು ಬದುಕಿರಲಿಲ್ಲ. ಈ ಸಲವೂ ಕೈಕೊಟ್ಟರೆ ಅವಳು ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕೆಂದು ಮಾಲೀಕರು ಹೇಳಿಬಿಟ್ಟಿದ್ದರು. ಈಗ ಅದೇ ಮಾಲೀಕರು ಸೆಂಟ್ರಿಫ್ಯೂಜಿಗೆ ಅಡ್ಡ ನಿಂತಿದ್ದರು.

"ಪೂಜೆ ಆಗಿದೆ ಕಣಮ್ಮ. ನಾಳೆವರೆಗೂ ಸ್ವಿಚ್ ಹಾಕಂಗಿಲ್ಲ."

"ಒಳಗೆ ಇನ್‌ಕ್ಯುಬೇಟರ್ ಓಡ್ತಾನೇ ಇದೆಯಲ್ಲ ಸಾರ್?"

"ಅದಿರೋ ಕ್ಲೀನ್ ರೂಮಿಗೆ ಹೂವು ಬಿಡ್ತೀವಾ? ಇಲ್ಲ. ಪೂಜೆ ಇಲ್ದಿದ್ದಕ್ಕೆ ರಜಾನೂ ಇಲ್ಲ."

ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗೆ ಹೋಗಿ ಕೊಬ್ಬನ್ನು ತೊಳೆದು, ಚೂರು ಮಾಡಿ, ಅದರ ಹಿಡಿತ ಸಡಿಲಿಸುವ ಕಿಣ್ವ ಬೆರೆಸಿ ಬೆಚ್ಚಗಿಟ್ಟಳು. ಆಮೇಲೆ ಸ್ಟೋರಿಗೆ ನುಗ್ಗಿ, ಹಿಡಿಕೆ ಹಿಡಿದು ಕೈಯಿಂದ ತಿರುಗಿಸುವ ಹಳೆಯ ಸೆಂಟ್ರಿಫ್ಯೂಜೊಂದನ್ನು ಹೊತ್ತು ತಂದಳು. ಪೂಜೆಯ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ.

"ಸಾರ್, ಇದಕ್ಕೆ ಕುಂಕುಮ ಇಲ್ಲ."

ಮಾಲೀಕರು ಅದನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿದರು. ನಿಜವಾಗಿಯೂ ಇರಲಿಲ್ಲ. "ಕುಂಕುಮದ ಬಟ್ಟಲು ತರೋಷ್ಟರಲ್ಲಿ ಮುಗಿಸ್ಕೋ," ಎಂದು ಹೊರಟುಹೋದರು. ಬಟ್ಟಲು ಬರಲೇ ಇಲ್ಲ.

ಸಡಿಲಗೊಂಡ ಕೊಬ್ಬು ತುಂಬಿ ಮುಚ್ಚಳ ಬಿಗಿದ ಟ್ಯೂಬುಗಳನ್ನು ಕೂರಿಸಿ ತಿರುಗಿಸತೊಡಗಿದೆವು. ನನ್ನ ನೆನಪಿನಲ್ಲಿ ಪೂರ್ತಿ ತಿರುಗಿಸಿದವನು ನಾನೇ. ತೋಳಿನ ನೋವು ಕೂಡ ನೆನಪಿದೆ. ಅವಳನ್ನು ಕೇಳಿದರೆ, "ನೀನಾ? ಕಾರಿಡಾರಲ್ಲಿ ಕಡ್ಲೆಪುರಿ ಮುಕ್ತಾ ಇದ್ದೆ ಕಣೋ!" ಅನ್ನುತ್ತಾಳೆ. ಕಡ್ಲೆಪುರಿಯ ರುಚಿಯೂ ನೆನಪಿರುವುದರಿಂದ ವಾದಿಸುವುದು ಕಷ್ಟ.

ಅಂತೂ ಎಣ್ಣೆ ಮೇಲೆ ತೇಲಿತು, ಟ್ಯೂಬಿನ ತಳದಲ್ಲಿ ಕೋಶಗಳ ಕೆಂಪು ಚುಕ್ಕೆ ಕೂತಿತು. ಅವಳು ಆ ಚುಕ್ಕೆಯನ್ನು ಪೋಷಕ ದ್ರವವಿದ್ದ ಫ್ಲಾಸ್ಕಿಗೆ ಸೇರಿಸಿ ಇನ್‌ಕ್ಯುಬೇಟರಿನಲ್ಲಿಟ್ಟಳು. ಬೇಕಾದ ಕೋಶಗಳು ಬದುಕಿದ್ದರೆ ಫ್ಲಾಸ್ಕಿನ ಪ್ಲಾಸ್ಟಿಕ್ ತಳಕ್ಕೆ ಅಂಟಿಕೊಳ್ಳುತ್ತವೆ. ಉಳಿದದ್ದೆಲ್ಲ ತೊಳೆದಾಗ ಹೋಗುತ್ತದೆ.

ಮಾರನೆಯ ದಿನ ತೊಳೆದಳು. ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಬಗ್ಗಲು ಧೈರ್ಯ ಸಾಲದೆ ನಿಂತಳು. ಅಷ್ಟರಲ್ಲಿ ಮಾಲೀಕರೇ ನುಸುಳಿ ಕಣ್ಣಿಟ್ಟರು. ಫೋಕಸ್ಸಿನ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು.

"ಏನ್ಸಾರ್?"

"ಅಂಟ್ಕೊಂಡಿವೆ. ನೂಲೋ ಕದಿರಿನ ಥರ ಮೈಚಾಚ್ಕೊಂಡಿವೆ." ಕಣ್ಣು ತೆಗೆಯದೆಯೇ ಗೊಣಗಿದರು: "ಪ್ಯಾಕಿಂಗಿಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು."

"ಹುಡುಕಿ ಸಾರ್. ಮೊದ್ಲು ಈಕಡೆ ಜರುಗಿ, ನಾನಿನ್ನೂ ನೋಡೇ ಇಲ್ಲ!"