ಮಾರೆವ್ವನ ಕೌದಿ ಮತ್ತು ಕರೆಂಟಿನ ಪೆಟ್ಟಿಗೆ

ಕುಷ್ಟಗಿಯ ಕೂಡುರಸ್ತೆಯಲ್ಲಿ ದಾಳಿಂಬೆ ರಸ ಕುಡಿದವರಿಗೆಲ್ಲ ಮಾರೆವ್ವ ಗೊತ್ತು. ಮೊದಲು ಬುಟ್ಟಿಯಲ್ಲಿ ಹಣ್ಣು ಹೊತ್ತು ಮಾರುತ್ತಿದ್ದವಳು, ಆಮೇಲೆ ತಳ್ಳುಬಂಡಿ ಮಾಡಿಕೊಂಡು ಮಿಕ್ಸರ್ ಇಟ್ಟಳು. ಕರೆಂಟು ಹಿಂದಿನ ಕಿರಾಣಿ ಅಂಗಡಿಯ ಪ್ರಭುರಾಜನದು. ಒಂದು ದಿನ ಆತ, "ಬಂಡಿ ಮೂಲಿಗೆ ಸರಸು, ನನ್ನ ಅಂಗಡಿ ಕಾಣವಲ್ದು" ಎಂದ. ಮಾರೆವ್ವ ಸರಿಸಲಿಲ್ಲ. ಆತ ವಯರು ಕಿತ್ತ.

ಆಕೆ ಕೊಪ್ಪಳಕ್ಕೆ ಹೋಗಿ, ಕೈಯಲ್ಲಿ ಹಿಡಿದೊಯ್ಯುವ ಬ್ಯಾಟರಿ ಪೆಟ್ಟಿಗೆ ತಂದಳು. ಮನೆಯಲ್ಲಿ ಚಾರ್ಜು ಮಾಡುವುದು, ಹಗಲೆಲ್ಲ ಮಿಕ್ಸರ್ ತಿರುಗಿಸುವುದು. ರಸ್ತೆಯ ಧೂಳು ತಾಗದಿರಲೆಂದು, ಹಳೆಯ ಸೀರೆಗಳ ತುಂಡು ಸೇರಿಸಿ ತಾನೇ ಹೊಲಿದ ಕೌದಿಯನ್ನು ಕೂಸಿಗೆ ಹೊದಿಸಿದಂತೆ ಅದಕ್ಕೆ ಸುತ್ತಿದಳು.

ಬೇಸಿಗೆ ಬಂತು. ಮಟಮಟ ಮಧ್ಯಾಹ್ನ, ಗಿರಾಕಿ ಮುತ್ತಿದ ಹೊತ್ತಿಗೇ ಪೆಟ್ಟಿಗೆ ನಿಂತುಬಿಡತೊಡಗಿತು.

"ಸತ್ತತೇನು ನಿನ್ನ ಪೆಟಿಗಿ?" ಪ್ರಭುರಾಜ ಗಲ್ಲಾದಲ್ಲಿ ಕುಳಿತೇ ಕೂಗಿದ. "ಕೈ ಮುಗದು ಕೇಳು, ವಯರ್ ಕೊಡ್ತೀನಿ. ಬಂಡಿ ಮಾತ್ರ ಮೂಲಿಗೆ!"

"ನಿಮ್ಮ ವಯರ್‌ಮ್ಯಾಲ ಅರಿವಿ ಒಣಹಾಕ್ಕೋರಿ!" ಎಂದಳು. ಎದೆಯೊಳಗೆ ಮಾತ್ರ ಅಳುಕು. ಪೆಟ್ಟಿಗೆ ನಡೆಯದಿದ್ದರೆ ಈ ಜಾಗ ಹೋಯಿತು.

"ತಿಪ್ಪಿಗೆ ಒಗಿಯಬೇ ಅದನ್ನ," ಎಂದ ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಹುಲಿಗೆಪ್ಪ.

"ನಿನ್ನ ಆಟೋ ದಿನಾ ಕೆಡತೈತಿ. ಒಗದೀಯೇನು?"

ಪ್ಲಗ್ಗು ಕಿತ್ತು, ಊದಿ, ಮತ್ತೆ ಸಿಕ್ಕಿಸಿದಳು. ಇಲ್ಲ. ಚಾರ್ಜು ಅರ್ಧಕ್ಕಿಂತ ಹೆಚ್ಚೇ ಇತ್ತು. ಮಿಕ್ಸರಿನ ಭಾರ ತಾಳದೇನೋ ಎಂದು ಅದನ್ನು ಬಿಡಿಸಿ ಹುಲಿಗೆಪ್ಪನ ಮೊಬೈಲು ಹಚ್ಚಿದಳು. ಅದೂ ಚಾರ್ಜಾಗಲಿಲ್ಲ. ಪೆಟ್ಟಿಗೆಯ ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ಬೆಳಗ್ಗೆ ನೆಟ್ಟಗೆ ನಡೆಯುವುದು ಮಧ್ಯಾಹ್ನಕ್ಕೇ ಏಕೆ ನಿಲ್ಲಬೇಕು? ಕೌದಿಯೊಳಗೆ ಕೈ ತೂರಿಸಿದಳು.

"ಎಪ್ಪಾ! ಜ್ವರ ಬಂದಂಗ ಕಾದೈತಿ!"

ಕೌದಿ ಬಿಚ್ಚಿದಳು. ಪೆಟ್ಟಿಗೆಯ ಪಕ್ಕದಲ್ಲಿ ಗಾಳಿಯಾಡುವ ಕಿಂಡಿಗಳು. ಅವನ್ನು ಮುಚ್ಚಿ ಉಸಿರುಗಟ್ಟಿಸಿದವಳು ತಾನೇ!

"ಯಾಕ ನಗತೀಯೋ?" ಎಂದು ಹುಲಿಗೆಪ್ಪನನ್ನು ಗದರಿದಳು. "ಹಿಡಿ ಈ ಕಡೆ ಚುಂಗು."

ಬಂಡಿಯ ನಾಲ್ಕು ಮೂಲೆಯ ಬಿದಿರ ಗಳಗಳಿಗೆ ಕೌದಿಯನ್ನು ಚಪ್ಪರದಂತೆ ಬಿಗಿದರು. ಪೆಟ್ಟಿಗೆಗೆ ನೆರಳೂ ಆಯಿತು, ಗಾಳಿಯೂ ಆಯಿತು. ಅದು ತಣ್ಣಗಾದ ಮೇಲೆ ಕೆಂಪು ದೀಪ ಆರಿತು. ಮಾರೆವ್ವ ಮಿಕ್ಸರಿನ ಪ್ಲಗ್ಗು ಮತ್ತೆ ಸಿಕ್ಕಿಸಿದಳು.

ಪ್ರಭುರಾಜ ಎದ್ದು ಹೊರಗೆ ಬಂದ. "ಏ ಮಾರೆವ್ವಾ! ಮೊದಲ ಅರ್ಧರ ಕಾಣತಿತ್ತು. ಈಗ ನನ್ನ ಬೋರ್ಡ ಪೂರಾ ಮುಚ್ಚಿದೆಲ್ಲ!"

"ಪೆಟಿಗಿಗೆ ನೆಳ್ಳು ಬೇಕ್ರಿ ಸಾವ್ಕಾರ್ರ. ನೀವೂ ಬರ್ರಿ, ಭಾಳ ಕಾದೀರಿ, ಒಂದ ಗ್ಲಾಸ್ ಕುಡೀರಿ," ಎಂದವಳೇ ಗುಂಡಿ ಒತ್ತಿದಳು.

ಆತ ಏನೋ ಅಂದ. ಮಿಕ್ಸರಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.